ಹೆಗಲಿನ ಮಾಂಸ

ಜನವರಿ 14, ಭಾನುವಾರ

ಹೊಸ ಪಾಸ್ಟರ್ ಮಾರ್ಟಾ ಇವತ್ತು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಇನ್ನೊಮ್ಮೆ ಕರೆಯುವ ಸಂಭವ ಕಡಿಮೆ.

ಹೇಳಿಕೊಳ್ಳುವ ಅಭ್ಯಾಸ ನನಗಿಲ್ಲ. ಆದರೆ ಆರ್ಡಿಸ್ ಟಾಲೆಫ್ಸನ್ ಎಂಬ ನಾನು ದನದ ಮಾಂಸವನ್ನು ಇಡಿಯಾಗಿ ಬೇಯಿಸಿ ಮಾಡುವ ಪಾಟ್ ರೋಸ್ಟ್ ಎಂದರೆ ಈ ಊರಿನಲ್ಲಿ ಒಂದು ಹೆಸರಿದೆ. ನಮ್ಮ ಲುಥೆರನ್ ಚರ್ಚಿಗೆ ಯಾವ ಪಾಸ್ಟರ್ ಬಂದರೂ ಮೊದಲ ಊಟ ನಮ್ಮ ಮನೆಯಲ್ಲೇ. ಹಿಂದಿನ ನಾಲ್ವರೂ ಇದೇ ಮೇಜಿನ ಮುಂದೆ ಕೂತು, ನಡುನಡುವೆ ನೀರು ಕುಡಿಯುತ್ತ ತಟ್ಟೆ ಮುಗಿಸಿ, ಇಂಥದ್ದನ್ನು ಜನ್ಮದಲ್ಲಿ ತಿಂದಿರಲಿಲ್ಲ ಎಂದು ಹೇಳಿ ಹೋದವರು. ಎರಡು ಮೂರು ವರ್ಷಕ್ಕೇ ಬೇರೆ ಊರಿಗೆ ಕಳಿಸಿ ಎಂದು ಕೇಳಿಕೊಂಡು ಹೋದರು, ಅದು ಬೇರೆ ವಿಷಯ.

ಬೆಳಿಗ್ಗೆ ಚರ್ಚಿಗೆ ಹೊರಡುವ ಮುಂಚೆ ಮಾಂಸವನ್ನು ಕರೆಂಟಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರಿಗೆ ಹಾಕಿದ್ದೆ. ನಮ್ಮದೇ ಹೋರಿಯ ತೊಡೆಯ ಮಾಂಸ. ಒಂದು ಎಳೆ ಕೊಬ್ಬೂ ಉಳಿಯದ ಹಾಗೆ ಹೆರೆದು, ಮುಳುಗುವಷ್ಟು ನೀರು ಹುಯ್ದು, ಅತಿಥಿ ಬರುತ್ತಾರೆಂದು ಉರಿಯನ್ನು ಜೋರಿಗೇ ಇಟ್ಟಿದ್ದೆ. ಆಲೂಗಡ್ಡೆ, ಕ್ಯಾರೆಟ್ಟು ಬೇರೆ. ಬಂದ ಮೇಲೆ ಬ್ರೆಡ್ಡು ಕುಯ್ಯುವ ಹಾಗೆ ತೆಳ್ಳಗೆ ಕುಯ್ದು, ಪಿಂಗಾಣಿ ತಟ್ಟೆಯಲ್ಲಿ ಜೋಡಿಸಿದೆ.

ಎಲ್ಲರಿಗೂ ಬಡಿಸಿ, ನಮ್ಮ ಕಡೆ ಯಾರೇ ಆದರೂ ಹೇಳುವ ಮಾತನ್ನು ನಾನೂ ಹೇಳಿದೆ. "ಯಾಕೋ ಇವತ್ತು ಸ್ವಲ್ಪ ಒಣಗಿದೆ ಅನ್ಸತ್ತೆ ಪಾಸ್ಟರ್." ಇದಕ್ಕೆ ಇರುವುದು ಒಂದೇ ಉತ್ತರ, ಮಿನ್ನೆಸೋಟದಲ್ಲಿ ಹುಟ್ಟಿದ ಎಳೆಮಗುವಿಗೂ ಗೊತ್ತು. ಛೆ ಛೆ, ಎಲ್ಲಾದ್ರೂ ಉಂಟೇ, ಬೆಣ್ಣೆ ಥರ ಇದೆ ಅನ್ನಬೇಕು. ಪಾಸ್ಟರ್ ಅಗಿದರು. ಅಗಿಯುತ್ತ ಯೋಚಿಸಿದರು. ಯೋಚಿಸುವುದಕ್ಕೆ ಅದರಲ್ಲಿ ಏನಿತ್ತೋ!

"ಹೌದು ಆರ್ಡಿಸ್, ಒಣಗಿದೆ," ಎಂದರು. "ಆದ್ರೆ ಆಲೂಗಡ್ಡೆ ತುಂಬಾ ಚೆನ್ನಾಗಿದೆ."

ಪಾಸ್ಟರ್ ಮಿನ್ನೆಸೋಟದವರಲ್ಲ, ನ್ಯೂಜೆರ್ಸಿಯವರು.

ನನ್ನ ಗಂಡ ವರ್ಲಿನ್ ಪ್ರಾರ್ಥನೆಗೆ ಬಗ್ಗಿಸಿದ ಹಾಗೆ ತಲೆ ಬಗ್ಗಿಸಿಬಿಟ್ಟ. ಮೇಜಿನ ಕೆಳಗೆ ನಮ್ಮ ನಾಯಿ ಬಸ್ಟರ್ ಕೂಡ ಅಗಿಯುವುದನ್ನು ನಿಲ್ಲಿಸಿತು. ಆ ಹೆಂಗಸು ಅಷ್ಟಕ್ಕೇ ಬಿಡದೆ ವರ್ಲಿನ್‌ನತ್ತ ತಿರುಗಿ, "ನೀವು ಯಾಕೆ ಇಷ್ಟು ಬಿಳಿಚಿಕೊಂಡಿದೀರಿ? ಹುಷಾರಾಗಿದೀರಾ?" ಎಂದು ಕೇಳಿದರು. ಊಟದ ಮೇಜಿನಲ್ಲಿ!

"ಪರವಾಗಿಲ್ಲ," ಎಂದ ವರ್ಲಿನ್. ಆಲಿಕಲ್ಲು ಬಿದ್ದು ಜೋಳವೆಲ್ಲ ನೆಲಕಚ್ಚಿದ ವರ್ಷವೂ ಅವನು ಪರವಾಗಿಲ್ಲ ಎಂದಿದ್ದ. ಟ್ರ್ಯಾಕ್ಟರ್ ಅವನ ಪಾದದ ಮೇಲೆ ಹತ್ತಿದಾಗಲೂ ಅಷ್ಟೇ.

ಅವರು ಹೋದ ಮೇಲೆ ನೋಡಿದರೆ ವರ್ಲಿನ್ ತಟ್ಟೆಯಲ್ಲಿ ಅರ್ಧ ಮಾಂಸ ಹಾಗೆಯೇ ಇತ್ತು. ಕ್ರಿಸ್‌ಮಸ್ಸಿನಿಂದ ಹೀಗೇ ಆಗಿದೆ. ಪ್ಯಾಂಟು ಸಡಿಲವಾಗಿ, ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡಿದ್ದಾನೆ. ಡಿಸೆಂಬರಿನಲ್ಲಿ ಡಾಕ್ಟರ ಹತ್ತಿರ ಹೋಗಿ ಬಂದ. ಏನಂದರು ಎಂದು ಕೇಳಿದ್ದಕ್ಕೆ, "ಪರವಾಗಿಲ್ಲ ಅಂದ್ರು." ಸರಿ ಹಾಗಾದ್ರೆ ಎಂದು ನಾನೂ ಎದ್ದು ಪಾತ್ರೆ ತೊಳೆಯಲು ಹೋದೆ. ಇನ್ನೇನು ಕೇಳಲಿ? ಆದರೆ ನನಗೆ ಹೆದರಿಕೆಯಾಗುತ್ತದೆ. ಇದನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಹೇಳಲಾರೆ.

ಹೇಗಾದರೂ ಮಾಡಿ ಅವನ ಮೈಗೆ ಒಂದಿಷ್ಟು ಮಾಂಸ ಹತ್ತಿಸಬೇಕು. ನನಗೆ ಗೊತ್ತಿರುವುದು ಅಷ್ಟೇ.

ಜನವರಿ 15, ಸೋಮವಾರ

ಎನಿಡ್‌ಗೆ ಫೋನು ಮಾಡಿದೆ. ಚರ್ಚಿನ ಅಡುಗೆಮನೆಯ ಉಸ್ತುವಾರಿ ಅವಳದೇ, ರುಚಿ ಬಲ್ಲವಳು. "ನೀನೇ ಹೇಳು, ನನ್ನ ರೋಸ್ಟ್ ಒಣಗಿರತ್ತಾ?" ಎಂದೆ.

ಕುಡಿಯುತ್ತಿದ್ದ ಕಾಫಿ ನೆತ್ತಿಗೆ ಹತ್ತಿ ಕೆಮ್ಮಿದಳು. ಅಷ್ಟು ಆಘಾತವಾಗಿರಬೇಕು ಪಾಪ. "ಆರ್ಡಿಸ್, ನೀನು ಮಾಡೋ ಥರದ ರೋಸ್ಟ್ ಬೇರೆ ಯಾರೂ ಮಾಡಲ್ಲ ಕಣೆ," ಎಂದಳು. ಆಮೇಲೆ ಹವಾಮಾನದ ವಿಷಯ ತೆಗೆದಳು.

ಇಷ್ಟು ಸಾಕಲ್ಲವೇ. ನ್ಯೂಜೆರ್ಸಿಯಲ್ಲಿ ಏನು ತಿಂದು ಬೆಳೆಯುತ್ತಾರೋ ದೇವರಿಗೇ ಗೊತ್ತು.

ಜನವರಿ 18, ಗುರುವಾರ

ವರ್ಲಿನ್ ಮಧ್ಯಾಹ್ನ ಲವೋನ್ ಮನೆಯ ಹೀಟರ್ ರಿಪೇರಿಗೆ ಹೋಗಿದ್ದ. ಆ ಹೀಟರು ಡಿಸೆಂಬರಿನಿಂದ ಪ್ರತಿ ಗುರುವಾರ ಕೆಡುತ್ತಿದೆ. ಶುಕ್ರವಾರ ಎಂದೂ ಕೆಟ್ಟಿಲ್ಲ.

ಲವೋನ್ ಅವನ ತಂಗಿ, ನನ್ನ ನಾದಿನಿ. ಎರಡು ಮದುವೆ ಮಾಡಿಕೊಂಡು ಎರಡನ್ನೂ ಬಿಟ್ಟು, ಊರಾಚೆ ಟ್ರೇಲರ್ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಚರ್ಚಿಗೆ ಬರುವುದು ಮದುವೆ, ಸಾವುಗಳಿಗೆ ಮಾತ್ರ. ಬಂದರೂ ಬಾಯ್ತುಂಬ ನಗುತ್ತಾಳೆ. ಹಾಗೆಂದು ನಾನು ಅವಳನ್ನು ಕಡೆಗಣಿಸಿದವಳಲ್ಲ. ಪ್ರತಿ ವರ್ಷ ಚಳಿಗೆ ಮುಂಚೆ ನಮ್ಮದೊಂದು ಹೋರಿಯನ್ನು ಕಡಿಸಿದಾಗ ಪಾಲು ಮಾಡುವ ಕೆಲಸ ನನ್ನದು. ಚೊಕ್ಕವಾದ, ಕೆಂಪಗಿನ ತೊಡೆಯ ಭಾಗ ನಮಗೆ. ಹೆಗಲಿನದು ಬಿಳಿ ಕೊಬ್ಬಿನ ಗೆರೆಗಳು, ನರ, ಬಿಗಿ. ನಾಲ್ಕು ಜನರ ಮುಂದೆ ಇಡುವಂಥದ್ದಲ್ಲ. ಅದಷ್ಟನ್ನೂ ಕಟ್ಟು ಕಟ್ಟಿ ಲವೋನ್‌ಗೆ ಕೊಟ್ಟುಬಿಡುತ್ತೇನೆ. ಕೊಡುವುದರಲ್ಲಿ ನನ್ನ ಕೈ ಎಂದೂ ಹಿಂದೆ ಸರಿದಿಲ್ಲ. ಅವಳೂ ಕುಣಿದುಕೊಂಡು ಬಂದು ಒಯ್ಯುತ್ತಾಳೆ. ಒಂದು ದಿನವೂ ನನಗೆ ಒಳ್ಳೆಯ ಭಾಗ ಕೊಡು ಎಂದು ಕೇಳಿದವಳಲ್ಲ, ಆ ಗುಣ ಒಪ್ಪಬೇಕಾದ್ದೇ.

ವರ್ಲಿನ್ ಕತ್ತಲಾಗುವ ಹೊತ್ತಿಗೆ ಬಂದ. ಊಟ ಬೇಡವೆಂದ. ಕೋಟು ತೆಗೆದು ಮೊಳೆಗೆ ಹಾಕುವಾಗ ಈರುಳ್ಳಿ ಬಾಡಿಸಿದ ವಾಸನೆ.

"ಹೀಟರ್ ಸರಿಹೋಯ್ತಾ?"

"ಸುಮಾರಾಗಿ."

ಜನವರಿ 27, ಶನಿವಾರ

ಮುದುಕ ಹಾಲ್ವರ್ ಬ್ರೆಕೆಯ ಸಂಸ್ಕಾರ. ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಗೋಡೆಗುಂಟ ಸ್ಲೋ ಕುಕ್ಕರುಗಳು ಸಾಲಾಗಿ ಕೂತಿದ್ದವು, ಪ್ರತಿಯೊಂದರ ತಳದಲ್ಲೂ ಯಾರ ಮನೆಯದೆಂದು ಹೆಸರು ಬರೆದ ಅಂಟುಪಟ್ಟಿ. ನನ್ನದು ಯಾವಾಗಲೂ ಮೊದಲು. ಲವೋನ್ ಕೂಡ ಒಂದು ತಂದು ಸಾಲಿನ ಕೊನೆಗೆ, ಮೂಲೆಯಲ್ಲಿ ಇಟ್ಟಿದ್ದಳು.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿದೆ, ಬರೆದಿಡುತ್ತೇನೆ. ನಮ್ಮ ಜನ ಪಾತ್ರೆಯಲ್ಲಿನ ಕೊನೆಯ ತುಂಡನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಅದು ಮರ್ಯಾದೆ. ಕೊನೆಯ ತುಂಡನ್ನು ಅರ್ಧ ಮಾಡಿ, ಆ ಅರ್ಧವನ್ನು ಇನ್ನರ್ಧ ಮಾಡಿ, ಕಡೆಗೆ ಒಂದು ಚೂರನ್ನು ಇನ್ನೊಬ್ಬರಿಗೆಂದು ಬಿಟ್ಟೇ ಬಿಡುತ್ತಾರೆ. ಲವೋನ್ ಪಾತ್ರೆಯಲ್ಲಿ ಆ ಚೂರೂ ಇರಲಿಲ್ಲ. ಬ್ರೆಡ್ಡಿನಿಂದ ತಳ ಒರೆಸಿದ್ದರು. ಒಬ್ಬ ಮನುಷ್ಯನನ್ನು ಮಣ್ಣು ಮಾಡಿದ ದಿನ ಇಷ್ಟು ನಾಚಿಕೆಗೆಟ್ಟು ತಿನ್ನುವುದೇ? ನನ್ನ ಪಾತ್ರೆಯಲ್ಲಾದರೆ ಮುಕ್ಕಾಲು ಪಾಲು ಹಾಗೆಯೇ ಇತ್ತು. ಒಬ್ಬರಿಗೊಬ್ಬರು ಅಷ್ಟು ಮರ್ಯಾದೆ ತೋರಿಸಿದ್ದರು.

"ಎಲ್ರೂ ಉಳಿದವರಿಗೆ ಸಿಗ್ಲಿ ಅಂತ ಬಿಟ್ಟಿದ್ದು ಆರ್ಡಿಸ್," ಎಂದಳು ಎನಿಡ್ ಕೂಡ.

ಆಮೇಲೆ ನಾನು ಕೋಟು ಹುಡುಕುತ್ತ ಹಿಂಬಾಗಿಲ ಕಡೆ ಹೋದಾಗ, ಅದೇ ಎನಿಡ್ ನನ್ನ ರೋಸ್ಟನ್ನು ಕಸದ ಚೀಲಕ್ಕೆ ಸುರಿಯುತ್ತಿದ್ದಳು. ನನ್ನನ್ನು ನೋಡಿ ಕೈ ಅಲ್ಲೇ ನಿಂತಿತು.

"ನಾಯಿಗಳಿಗೆ ಅಂತ..." ಎಂದಳು.

"ನಿನಗೆ ನಾಯಿ ಇಲ್ವಲ್ಲ ಎನಿಡ್."

"ಸಾಕೋಣ ಅಂತಿದೀವಿ."

ಮನೆಗೆ ಬರುವ ದಾರಿಯಲ್ಲಿ ನಾನು ಬಸ್ಟರ್ ಬಗ್ಗೆ ಯೋಚಿಸುತ್ತಿದ್ದೆ. ಈ ಕೌಂಟಿಯಲ್ಲೇ ಅದರಷ್ಟು ದಪ್ಪನೆಯ ನಾಯಿ ಇಲ್ಲ. ಅದು ಸದಾ ವರ್ಲಿನ್ ಕುರ್ಚಿಯ ಕೆಳಗೇ ಕೂರುತ್ತದೆ.

ಜನವರಿ 28, ಭಾನುವಾರ

ಇವತ್ತು ಇನ್ನೂ ಹೆಚ್ಚು ನೀರು ಹಾಕಿದೆ. ಚರ್ಚಿಗೆ ಹೋಗದೆ ಮನೆಯಲ್ಲೇ ನಿಂತು, ಆಗಾಗ ಮುಚ್ಚಳ ತೆಗೆದು ಚುಚ್ಚಿ ನೋಡಿ, ಮೇಲೆ ಸಾರು ಹುಯ್ದು ಮತ್ತೆ ಮುಚ್ಚಿದೆ. ಇಷ್ಟು ಮುತುವರ್ಜಿಯಿಂದ ನಾನು ಮಕ್ಕಳನ್ನೂ ಸಾಕಿರಲಿಲ್ಲ. ಮಾಂಸ ಮಾತ್ರ ನೀರಿನಲ್ಲಿ ನೆನೆಸಿಟ್ಟ ಹಗ್ಗದ ಹಾಗೆ ಇತ್ತು. ನೀರಲ್ಲೇ ಮುಳುಗಿದ್ದದ್ದು ಒಣಗುವುದು ಹೇಗೆ, ನನಗೆ ಅರ್ಥವಾಗುವುದಿಲ್ಲ.

ವರ್ಲಿನ್ ತಿಂದದ್ದು ಎರಡು ತುತ್ತು. "ಚೆನ್ನಾಗಿದೆ," ಎಂದ.

ಮಧ್ಯಾಹ್ನ ದನಗಳಿಗೆ ಹುಲ್ಲು ಹಾಕಲು ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಕೊಟ್ಟಿಗೆಗೆ ಹೋದೆ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಎದೆ ಹಿಡಿದುಕೊಂಡಿದ್ದ. ಹುಲ್ಲಿನ ಕಟ್ಟು ಅರ್ಧ ದಾರಿಯಲ್ಲೇ ಬಿದ್ದಿತ್ತು.

"ಏನಾಯ್ತು?"

"ಬೂಟಲ್ಲಿ ಕಲ್ಲು ಸೇರ್ಕೊಂಡಿತ್ತು. ತೆಗೀತಿದ್ದೆ."

ಎರಡು ಬೂಟೂ ಕಾಲಿನಲ್ಲೇ ಇದ್ದವು, ಲೇಸು ಕಟ್ಟಿದ್ದ ಹಾಗೆಯೇ. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

"ಸರಿ ಹಾಗಾದ್ರೆ," ಎಂದು ಒಳಗೆ ಬಂದೆ. ಪಾತ್ರೆಗಳನ್ನು ತೊಳೆದೆ. ತೊಳೆದವನ್ನೇ ಮತ್ತೆ ತೊಳೆದೆ.

ಫೆಬ್ರವರಿ 1, ಗುರುವಾರ

ಹೀಟರ್ ಮತ್ತೆ ಕೆಟ್ಟಿತು. ವರ್ಲಿನ್ ಹೊರಟ. ಸ್ವಲ್ಪ ಬಿಟ್ಟು ನಾನೂ ಕಾರು ತೆಗೆದೆ.

ಇದನ್ನು ಹಿಂಬಾಲಿಸುವುದು ಎನ್ನಬಾರದು. ನಾದಿನಿಯ ಮನೆಗೆ ಹೋಗಲು ನನಗೆ ಹಕ್ಕಿದೆ. ಬರಿಗೈಯಲ್ಲಿ ಯಾರ ಮನೆಗೂ ಹೋಗುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ, ಗಾಜಿನ ಟ್ರೇಯಲ್ಲಿ ನಿಂಬೆ ಕೇಕು ಮಾಡಿಕೊಂಡೇ ಹೋದೆ. ಕದ್ದು ನೋಡುವುದಕ್ಕಾದರೂ ಸರಿಯಾದ ರೀತಿಯಲ್ಲಿ ಹೋಗಬೇಕು.

ಮನೆಯ ಹಿಂದೆ ಕಾರು ನಿಲ್ಲಿಸಿ, ಮೊಣಕಾಲಿನವರೆಗೆ ಹಿಮದಲ್ಲಿ ಹೂತುಕೊಂಡು, ಟ್ರೇ ಹಿಡಿದು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತೆ. ಹೀಟರು ಚೆನ್ನಾಗಿಯೇ ಉರಿಯುತ್ತಿತ್ತು. ವರ್ಲಿನ್ ಅಂಗಿಯ ತೋಳು ಮಡಚಿ ಕೂತಿದ್ದ. ಅವನ ಮುಂದೆ ಹಬೆಯಾಡುವ ತಟ್ಟೆ, ಮಧ್ಯದಲ್ಲಿ ಸ್ಲೋ ಕುಕ್ಕರು. ಅಂದುಕೊಂಡಿದ್ದೆ! ನನ್ನ ಮನೆಯಲ್ಲಿ ಹಸಿವಿಲ್ಲ ಎನ್ನುವ ಗಂಡಸು ಇಲ್ಲಿ ಗಂಟಲುಮಟ್ಟ ತಿನ್ನುತ್ತಿದ್ದಾನೆ ಎಂದು ಮೈಯೆಲ್ಲ ಉರಿಯಿತು. ಒಳ್ಳೆಯದೂ ಅನ್ನಿಸಿತು. ತಿನ್ನುತ್ತಿದ್ದರೆ ಕಾಯಿಲೆ ಇಲ್ಲ ಎಂದಾಯಿತಲ್ಲ.

ಆದರೆ ಅವನು ತಿನ್ನುತ್ತಿರಲಿಲ್ಲ. ಫೋರ್ಕು ಕೈಯಲ್ಲೇ ಇತ್ತು. ಅವನು ಮಾತಾಡುತ್ತಿದ್ದ.

ವರ್ಲಿನ್ ಮಾತಾಡುತ್ತಿದ್ದ. ಎಡಗೈಯನ್ನು ಎತ್ತಿ, ಇಳಿಸಿ, ಎದೆಯ ಮೇಲಿಟ್ಟು ಏನೋ ತೋರಿಸಿ, ನಿಲ್ಲಿಸಿ, ಮತ್ತೆ ಶುರು ಮಾಡುತ್ತಿದ್ದ. ಲವೋನ್ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ನಗುತ್ತಿರಲಿಲ್ಲ. ಮದುವೆಯಾದಾಗಿನಿಂದ ನಾನು ಅವನ ಬಾಯಲ್ಲಿ ಒಟ್ಟಿಗೆ ಅಷ್ಟು ಮಾತು ಕೇಳಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಅವಳ ಅಡುಗೆಯ ಮೇಲಲ್ಲ. ಅಳು ಬಂತು, ಆ ಚಳಿಗೆ ಕಣ್ಣೀರು ಕೆನ್ನೆಯ ಮೇಲೇ ಹೆಪ್ಪುಗಟ್ಟಿತು.

ಬಾಗಿಲು ತಟ್ಟಲು ಆಗಲಿಲ್ಲ. ಹೊರಟುಬಂದೆ. ಒಬ್ಬರಿಗೆಂದು ಮಾಡಿಕೊಂಡು ಹೋದದ್ದನ್ನು ವಾಪಸು ತರುವುದುಂಟೇ? ಟ್ರೇಯನ್ನು ಮೆಟ್ಟಿಲ ಮೇಲೆ ಇಟ್ಟು ಬಂದೆ. ಮನೆಗೆ ಬಂದು ಕೋಟು ತೆಗೆಯುವಾಗ ನೆನಪಾಯಿತು, ಆ ಟ್ರೇಯ ತಳದಲ್ಲಿ ನನ್ನ ಹೆಸರಿನ ಅಂಟುಪಟ್ಟಿ ಇದೆ.

ಫೆಬ್ರವರಿ 2, ಶುಕ್ರವಾರ

ವರ್ಲಿನ್ ಏನೂ ಹೇಳಲಿಲ್ಲ. ನಾನೂ ಏನೂ ಕೇಳಲಿಲ್ಲ. ಹಿಮ ಬಿತ್ತು.

ಫೆಬ್ರವರಿ 5, ಸೋಮವಾರ

ವರ್ಲಿನ್ ದನಗಳ ಸಂತೆಗೆ ಹೋದ ಹೊತ್ತಿಗೆ ಸರಿಯಾಗಿ ಲವೋನ್ ಬಂದಳು. ಕೈಯಲ್ಲಿ ನನ್ನ ಟ್ರೇ. ಯಾರ ಪಾತ್ರೆಯನ್ನೂ ಖಾಲಿಯಾಗಿ ಹಿಂದಿರುಗಿಸಬಾರದು ಎನ್ನುವುದು ಅವಳಿಗೂ ಗೊತ್ತು, ಎಷ್ಟೆಂದರೂ ಟಾಲೆಫ್ಸನ್ ಮನೆಯ ಹುಡುಗಿ. ಟ್ರೇ ತುಂಬ ಪಾಟ್ ರೋಸ್ಟು.

"ಕೇಕು ಚೆನ್ನಾಗಿತ್ತು," ಎಂದಳು. "ಬಾಗಿಲು ತಟ್ಟಿದ್ರೆ ಕಾಫಿನೂ ಸಿಗ್ತಿತ್ತು. ಹಿಮದಲ್ಲಿ ನಿನ್ನ ಬೂಟಿನ ಗುರುತು ನೋಡಿದ್ರೆ ಎಮ್ಮೆ ಮಂದೆ ಹಾದುಹೋದ ಹಾಗಿತ್ತು."

"ದಾರಿಯಲ್ಲಿ ಹೋಗ್ತಿದ್ದೆ, ಹಾಗೇ ಇಟ್ಟು ಬಂದೆ."

"ನಮ್ಮನೆ ದಾಟಿ ಹೋದ್ರೆ ಸಿಗೋದು ಸ್ಮಶಾನ ಒಂದೇ. ತಗೋ, ತಿನ್ನು."

ತಿನ್ನುವ ಮನಸ್ಸಿರಲಿಲ್ಲ. ಮರ್ಯಾದೆಗೆಂದು ಒಂದು ಚೂರು ತೆಗೆದುಕೊಳ್ಳಲು ಚಾಕು ಹಿಡಿದೆ. "ಚಾಕು ಬೇಡ," ಎಂದಳು. ಫೋರ್ಕು ತಾಗಿಸಿದ ಕೂಡಲೇ ಮಾಂಸ ಎಳೆ ಎಳೆಯಾಗಿ ಬಿಟ್ಟುಕೊಂಡಿತು. ಬಾಯಿಗೆ ಹಾಕಿಕೊಂಡೆ. ಅಗಿಯುವ ಕೆಲಸವೇ ಇಲ್ಲ. ಇನ್ನೊಂದು ತುತ್ತು ತಿಂದೆ. ಸಿಂಕಿನ ಹತ್ತಿರ ನಿಂತುಕೊಂಡೇ ತಟ್ಟೆಯೂ ಇಲ್ಲದೆ ಎಷ್ಟು ತಿಂದೆನೋ.

"ಯಾವ ಅಂಗಡಿ ಮಾಂಸ?" ಎಂದೆ.

ಅವಳು ಬಾಯ್ತುಂಬ ನಕ್ಕಳು. "ಅಂಗಡಿ ಎಲ್ಲಿಂದ ಬಂತೆ? ನೀನು ವರ್ಷಾ ವರ್ಷಾ ಕೊಡ್ತೀಯಲ್ಲ, ಅದೇ ಹೆಗಲಿಂದು. ನೀನೆಲ್ಲಿ ವಾಪಸ್ ಕೇಳಿಬಿಡ್ತೀಯೋ ಅಂತ ಇಷ್ಟು ವರ್ಷ ತುಟಿ ಪಿಟಕ್ ಅಂದಿಲ್ಲ ನಾನು."

ಆ ಕ್ಷಣ ಅವಳನ್ನು ಹೊರಗೆ ಹಾಕಿ ಬಾಗಿಲು ಮುಚ್ಚಬೇಕು ಅನ್ನಿಸಿತು. ಅವಳ ಪಾಡಿಗೆ ಅವಳು ಕಾಫಿ ಬಗ್ಗಿಸಿಕೊಂಡು ಕೂತಳು. ತೊಡೆಯ ಮಾಂಸದಲ್ಲಿ ಕರಗುವಂಥದ್ದು ಏನೂ ಇಲ್ಲವಂತೆ, ಎಷ್ಟು ಬೇಯಿಸಿದರೆ ಅಷ್ಟು ಬಿರುಸು. ದಿನವೆಲ್ಲ ಮೈಭಾರ ಹೊರುವ ಹೆಗಲು ಬಿಗಿಯಾಗಿರುವುದು ನಿಜ, ಆದರೆ ಅದರ ಕೊಬ್ಬು, ನರವೆಲ್ಲ ಸಣ್ಣ ಉರಿಯಲ್ಲಿ ಸಾವಕಾಶವಾಗಿ ಕರಗಿ ಮಾಂಸವನ್ನೇ ಮೆತ್ತಗೆ ಮಾಡುತ್ತದಂತೆ. ಹಿಂದಿನ ದಿನವೇ ಉಪ್ಪು ಸವರಿಡಬೇಕು. ಬಾಣಲೆಯಲ್ಲಿ ಎಲ್ಲ ಕಡೆ ಕಂದು ಬರುವ ಹಾಗೆ ಸುಟ್ಟುಕೊಳ್ಳಬೇಕು. ಕೆಳಗೆ ಈರುಳ್ಳಿ, ಒಂದು ಲೋಟ ಮಾಂಸದ ಸಾರು, ಅಷ್ಟೇ.

"ಆಮೇಲೆ ಮುಚ್ಚಳ ಮುಟ್ಟಬೇಡ. ನಿನಗೆ ಅದೊಂದೇ ಕಷ್ಟ ಆಗೋದು," ಎಂದಳು.

"ಅದಕ್ಕೇ ಅವನು ನಿನ್ನ ಮನೇಲಿ ತಿಂತಾನೆ."

ಲವೋನ್ ಲೋಟ ಕೆಳಗಿಟ್ಟಳು. "ಎಲ್ಲಿ ತಿಂತಾನೆ ಆರ್ಡಿಸ್? ನನ್ನ ಮನೇಲೂ ಬಿಡ್ತಾನೆ. ಅವನಿಗೆ ಯಾವುದೂ ಸೇರ್ತಿಲ್ಲ."

ಫೋರ್ಕನ್ನು ಸಿಂಕಿಗೆ ಹಾಕಿದೆ. "ಮತ್ತೆ ಅಷ್ಟು ಹೊತ್ತು ಏನು ಮಾತಾಡ್ತಾನೆ?"

"ಅದನ್ನ ನಾನು ಹೇಳಬಾರದು. ಅವನನ್ನೇ ಕೇಳು."

"ಕೇಳಿದೆ. ಪರವಾಗಿಲ್ಲ ಅಂತಾನೆ."

"ಅಂತಾನೆ. ನೀನು ಸರಿ ಹಾಗಾದ್ರೆ ಅಂತ ಎದ್ದು ಪಾತ್ರೆ ತೊಳೆಯೋಕೆ ಹೋಗ್ತೀಯ. ನನಗೂ ಮೊದಲು ಪರವಾಗಿಲ್ಲ ಅಂತಲೇ ಅಂದ. ನನ್ನ ಮಂಡಿ ನೋಯ್ತಿತ್ತು, ಏಳೋಕೆ ಆಗ್ಲಿಲ್ಲ, ಅಲ್ಲೇ ಕೂತಿದ್ದೆ. ನಾನು ಕೂತೇ ಇದ್ದೆನಲ್ಲ, ಅದಕ್ಕೇ ಹೇಳಿದ, ಅಷ್ಟೇ ಕಣೆ."

ಹೊರಡುವಾಗ ಬಾಗಿಲಲ್ಲಿ ನಿಂತು, ಫ್ರೀಜರಿನಲ್ಲಿ ಇನ್ನೂ ಹೆಗಲಿನ ಕಟ್ಟುಗಳಿವೆ, ಒಂದು ಬೇಕೇ ಎಂದು ಕೇಳಿದಳು. ನಾನೇ ಕೊಟ್ಟದ್ದನ್ನು ನಾನೇ ಕೈ ಒಡ್ಡಿ ಇಸಿದುಕೊಳ್ಳುವುದು! ಬೇಡ ಎಂದೆ. ನಮ್ಮ ಪದ್ಧತಿಯಂತೆ ಅವಳು ಮತ್ತೆ ಕೇಳಿದಳು, ನಾನು ಮತ್ತೆ ಬೇಡವೆಂದೆ. ಒಪ್ಪಿಕೊಳ್ಳುವುದು ಮೂರನೆಯ ಸಲಕ್ಕೆ, ಆ ಸಲ ಕೇಳದೆ ಕಾರಿನತ್ತ ನಡೆದೇಬಿಟ್ಟಳು ದರಿದ್ರದವಳು. ಹಿಮದಲ್ಲಿ ಚಪ್ಪಲಿಯಲ್ಲೇ ಅವಳ ಹಿಂದೆ ಓಡಬೇಕಾಯಿತು.

ಫೆಬ್ರವರಿ 10, ಶನಿವಾರ

ಹೆಗಲಿನ ಮಾಂಸದ ಹಿಮ ಕರಗಿಸಿ ಹಲಗೆಯ ಮೇಲಿಟ್ಟೆ. ಎಷ್ಟು ಕೊಬ್ಬು, ದೇವರೇ. ಚಾಕು ತಾನಾಗಿ ಕೈಗೆ ಬಂತು. ಒಂದು ಅಂಚನ್ನಾದರೂ ಹೆರೆಯೋಣ, ನೋಡಿದವರು ಏನಂದಾರು ಅನ್ನಿಸಿತು. ನೋಡುವವರು ಯಾರೂ ಇರಲಿಲ್ಲ. ಚಾಕುವನ್ನು ಡ್ರಾಯರಿಗೆ ಹಾಕಿ, ಉಪ್ಪು ಸವರಿ ಇಟ್ಟೆ.

ವರ್ಲಿನ್ ಬಂದು ನೋಡಿ, "ಇದು ಹೆಗಲಿಂದಲ್ವಾ?" ಎಂದ.

"ಹೌದು."

"ಲವೋನ್ ಕೊಟ್ಲಾ?"

"ನಾನು ಕೇಳಿದೆ."

ಅವನು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಟೋಪಿ ಹಾಕಿಕೊಂಡು ದನಗಳ ಕಡೆ ಹೋದ. ನಿಧಾನವಾಗಿ ಹೋದ.

ಫೆಬ್ರವರಿ 11, ಭಾನುವಾರ

ಬೆಳಿಗ್ಗೆ ಬಾಣಲೆ ಕಾಯಿಸಿ ಮಾಂಸ ಸುಟ್ಟುಕೊಂಡದ್ದಕ್ಕೆ ಮನೆಯೆಲ್ಲ ಹೊಗೆ. ಈರುಳ್ಳಿ, ಕ್ಯಾರೆಟ್ಟು ಹಾಸಿ, ಮೇಲೆ ಮಾಂಸ ಇಟ್ಟು, ಉರಿ ಸಣ್ಣಗೆ ಮಾಡಿ, ಮುಚ್ಚಿ, ಚರ್ಚಿಗೆ ಹೋದೆವು. ಮನೆಯಲ್ಲಿ ಕೂತರೆ ಮುಚ್ಚಳ ತೆಗೆಯುತ್ತೇನೆಂದು ನನಗೇ ಗೊತ್ತಿತ್ತು.

ಆರಾಧನೆ ಮುಗಿದು ಎಲ್ಲರೂ ಸಾಲಾಗಿ ಹೊರಬರುವಾಗ ಪಾಸ್ಟರ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈ ಕುಲುಕುತ್ತಿದ್ದರು. "ಹೇಗಿದ್ದೀರಿ ಆರ್ಡಿಸ್?" ಎಂದರು.

"ಚೆನ್ನಾಗಿಲ್ಲ," ಎಂದೆ.

ಬಾಯಿ ತಪ್ಪಿ ಬಂದದ್ದು, ಬೆಳಗಿನ ಹೊಗೆ ಕುಡಿದು ತಲೆ ಸರಿಯಿರಲಿಲ್ಲ. ನನ್ನ ಹಿಂದಿನ ಸಾಲು ಪೂರ್ತಿ ನಿಂತುಹೋಯಿತು. ಎನಿಡ್ ಚಾವಣಿ ನೋಡತೊಡಗಿದಳು. ಪಾಸ್ಟರ್ ಮಾತ್ರ ನನ್ನ ಕೈ ಬಿಡದೆ, ಸುಮ್ಮನೆ ಹಿಡಿದುಕೊಂಡು ನಿಂತರು. ನ್ಯೂಜೆರ್ಸಿಯವರ ಕೈ ಬೆಚ್ಚಗಿರುತ್ತದೆ.

ಮಧ್ಯಾಹ್ನಕ್ಕೆ ರೋಸ್ಟ್ ಆಗಿರಲಿಲ್ಲ. ಸಣ್ಣ ಉರಿಯೆಂದರೆ ಸಣ್ಣ ಉರಿ, ಸಂಜೆಯವರೆಗೂ ಕಾಯಬೇಕು. ಭಾನುವಾರ ಮಧ್ಯಾಹ್ನ ಬ್ರೆಡ್ಡು, ಚೀಸು ತಿಂದದ್ದು ನಮ್ಮ ಸಂಸಾರದಲ್ಲಿ ಇದೇ ಮೊದಲು. ನಾನು ಅಡುಗೆಮನೆಗೆ ಹೋಗುವುದು, ಸ್ಲೋ ಕುಕ್ಕರನ್ನು ನೋಡುವುದು, ಕೈಯನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ವಾಪಸು ಬರುವುದು, ಇಷ್ಟೇ ಮಾಡಿದೆ.

ಸಂಜೆ ಬಡಿಸಿದೆ. ಕುಯ್ದು ಜೋಡಿಸುವ ಹಾಗಿರಲಿಲ್ಲ, ತಟ್ಟೆಗೆ ಹಾಕುವಾಗಲೇ ಬಿಡಿಬಿಡಿಯಾಯಿತು. ನೋಡಲು ಅಂದವಿಲ್ಲ. ಒಣಗಿದೆಯೋ ಏನೋ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು, ನುಂಗಿಕೊಂಡೆ.

ವರ್ಲಿನ್ ಒಂದು ತುತ್ತು ತಿಂದ. ಇನ್ನೊಂದು ತಿಂದ. ಕೆಳಗೆ ಬಸ್ಟರ್ ಕಾದು ಕಾದು ಕುಂಯ್‌ಗುಟ್ಟಿತು, ಅದಕ್ಕೇನೂ ಸಿಗಲಿಲ್ಲ.

"ಹೇಗಿದೆ?" ಎಂದೆ.

"ಚೆನ್ನಾಗಿದೆ."

ನಾನು ಏಳಲಿಲ್ಲ. ಸಿಂಕಿನಲ್ಲಿ ಬಾಣಲೆ ಕರಕಲು ಹಿಡಿದುಕೊಂಡು ಕೂತಿತ್ತು, ಅದನ್ನು ಉಜ್ಜದೆ ಕೈ ಕಡಿಯುತ್ತಿತ್ತು. ಆದರೂ ಏಳಲಿಲ್ಲ. ಅವನು ನನ್ನನ್ನು ನೋಡಿದ, ಬಾಗಿಲನ್ನು ನೋಡಿದ, ತಟ್ಟೆಯನ್ನು ನೋಡಿದ. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಇಷ್ಟು ಕಷ್ಟದ ಕೆಲಸ ನಾನು ಹೊಲದಲ್ಲೂ ಮಾಡಿಲ್ಲ.

"ಉಪ್ಪು ಸ್ವಲ್ಪ ಕಮ್ಮಿ," ಎಂದ ವರ್ಲಿನ್.

ಮದುವೆಯಾಗಿ ನಲವತ್ತು ವರ್ಷಕ್ಕೆ ನನ್ನ ಅಡುಗೆಯ ಮೇಲೆ ಅವನು ಹೇಳಿದ ಮೊದಲ ದೂರು! ಸಿಟ್ಟು ಬರಬೇಕಿತ್ತು. ಖುಷಿಯಾಯಿತು. ಎಷ್ಟು ಖುಷಿಯಾಯಿತೆಂದರೆ ಉಪ್ಪಿನ ಡಬ್ಬಿಯ ಮುಚ್ಚಳ ನಾನೇ ತೆಗೆದು ಅವನ ಮುಂದೆ ಇಟ್ಟೆ.

"ಇನ್ನೇನು?" ಎಂದೆ.

"ಕ್ಯಾರೆಟ್ಟು ಬೆಂದು ಪೇಸ್ಟ್ ಆಗಿದೆ."

"ಹೂಂ. ಇನ್ನೇನು ವರ್ಲಿನ್?"

ಅವನು ಫೋರ್ಕು ಕೆಳಗಿಟ್ಟ. ಕೈಯನ್ನು ಎತ್ತಿ, ಲವೋನ್ ಮನೆಯಲ್ಲಿ ಮಾಡಿದ ಹಾಗೆ, ಎದೆಯ ಮೇಲೆ ಇಟ್ಟುಕೊಂಡ.

"ಇಲ್ಲಿ ಹೃದಯದ ಒಂದು ವಾಲ್ವು ಹಾಳಾಗಿದೆಯಂತೆ. ಡಾಕ್ಟ್ರು ಆಪರೇಷನ್ ಆಗ್ಲೇಬೇಕು ಅಂದಿದಾರೆ. ಎದೆ ಕುಯ್ದು ಮಾಡ್ತಾರಂತೆ. ನಾನು ಇನ್ನೂ ಹ್ಞೂಂ ಅಂದಿಲ್ಲ."

ಡಿಸೆಂಬರಿನಿಂದ ಒಳಗಿಟ್ಟುಕೊಂಡು ತಿರುಗಿದ್ದಾನೆ. ಬೈಯಬೇಕಾದ ಮಾತುಗಳು ನೂರಿದ್ದವು, ಎಲ್ಲವೂ ಬಾಯಿಗೆ ಬಂದವು. ಹಲ್ಲು ಕಚ್ಚಿ ಕೂತೆ.

"ನನಗೆ ಹೆದರಿಕೆ ಆಗತ್ತೆ ಆರ್ಡಿಸ್," ಎಂದ. "ಮಲಗಿದವನು ಏಳದೇ ಹೋದ್ರೆ ಅಂತ."

"ನನಗೂ," ಎಂದೆ.

ಅವನು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡಿದ. "ನಿನಗೂನಾ? ಯಾವಾಗಿಂದ?"

"ಕ್ರಿಸ್‌ಮಸ್‌ನಿಂದ. ನೀನು ಬೆಲ್ಟಿಗೆ ತೂತು ಹೊಡ್ಕೊಂಡಾಗಿಂದ."

"ಮತ್ತೆ ನನಗೆ ಹೇಳಬಾರದಿತ್ತಾ?" ಎಂದ.

ವರ್ಲಿನ್! ನನಗೆ! ನನಗೆ ನಗು ಬಂತು, ತಡೆಯಲಾಗಲಿಲ್ಲ. ನಾನು ನಕ್ಕದ್ದು ಯಾಕೆಂದು ಹೊಳೆದು ಅವನೂ ನಕ್ಕ. ನಗುತ್ತ ನಗುತ್ತ ಅವನ ಮುಖ ಅಳುಮುಖವಾಯಿತು, ನಾನು ಎದ್ದು ಅವನ ಪಕ್ಕದ ಕುರ್ಚಿಗೆ ಹೋಗಿ ಕೂತೆ. ಇಬ್ಬರೂ ಅತ್ತೆವು. ಬಸ್ಟರ್ ಗಾಬರಿಯಾಗಿ ಒಮ್ಮೆ ಅವನ ಕಾಲು, ಒಮ್ಮೆ ನನ್ನ ಕಾಲು ಮೂಸುತ್ತಿತ್ತು.

ನಾಳೆ ಬೆಳಿಗ್ಗೆ ಡಾಕ್ಟರಿಗೆ ಫೋನು ಮಾಡುತ್ತೇವೆ. ಆಪರೇಷನ್ನಿಗೆ ಹ್ಞೂಂ ಎನ್ನುತ್ತೇನೆ ಎಂದಿದ್ದಾನೆ, ನಾನು ಪಕ್ಕದಲ್ಲಿ ಕೂತಿರಬೇಕಂತೆ.